ತಕ್ಕಡಿ ಸಾಹೇಬರ ಪ್ರಯಾಣದ ತಾಲೀಮು

ನಮ್ಮ ಕಟ್ಟಡದ ಎರಡನೇ ಮಹಡಿಯ ತಕ್ಕಡಿ ಸಾಹೇಬರು ಎಲೆಕ್ಟ್ರಿಕ್ ಕಾರು ಕೊಂಡಿದ್ದರಿಂದ ಯಾರಿಗೂ ಕೇಡಾಗಲಿಲ್ಲ. ಕೇಡು ಶುರುವಾದದ್ದು ಅವರು ಆ ಕಾರಿನಲ್ಲಿ ಎಲ್ಲಿಗಾದರೂ ಹೋಗಬೇಕೆಂದು ತೀರ್ಮಾನ ಮಾಡಿದ ಮೇಲೆ.

ಸಾಹೇಬರಿಗೆ ಆ ಹೆಸರು ಕೆಲಸದಿಂದ ಬಂದದ್ದು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷೆ ಮಾಡಿ, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ತಕ್ಕಡಿಯನ್ನೇ ಎತ್ತಿಕೊಂಡು ಬರುವುದು ಅವರ ಉದ್ಯೋಗ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ ಸಾಹೇಬರಿಗೆ ಲೋಕದ ಸಕಲ ತಾಪತ್ರಯಕ್ಕೂ ತೂಕವೇ ಮೂಲವಾಗಿ ಕಾಣುತ್ತಿತ್ತು. ಕಟ್ಟಡದ ಲಿಫ್ಟ್ ಕೆಟ್ಟಾಗ, ಅದು ಮೂರನೇ ಮಹಡಿಯ ಟ್ಯೂಷನ್ ಟೀಚರ ತೂಕದಿಂದಲೇ ಕೆಟ್ಟದ್ದೆಂದು ಆ ಟೀಚರ ಎದುರಿಗೇ ಹೇಳಿದ ಮಹಾನುಭಾವರು ಅವರು. ಮೂರು ದಿನದ ಮೇಲೆ ರಿಪೇರಿಯವನು ಬಂದು ಲಿಫ್ಟಿನ ಮೋಟರಿನೊಳಗಿಂದ ಒಂದು ಹಲ್ಲಿ ತೆಗೆದ. ಸಾಹೇಬರು ಹಲ್ಲಿಯನ್ನು ತೂಗಲಿಲ್ಲ ಅನ್ನುವುದೊಂದೇ ಸಮಾಧಾನ.

ನಾನು ನೆಲಮಹಡಿಯವನು. ನಮ್ಮ ಅಡುಗೆಮನೆ ಕಿಟಕಿ ತೆರೆದರೆ ಎದುರಿಗೇ ಕಾರು ನಿಲ್ಲಿಸುವ ಜಾಗ. ಪರರ ವಿಷಯದಲ್ಲಿ ಮೂಗು ತೂರಿಸುವ ಅಭ್ಯಾಸ ನನಗಿಲ್ಲ. ವಿಷಯವೇ ಬಂದು ಮೂಗಿನ ಮುಂದೆ ನಿಂತರೆ ನಾನೇನು ಮಾಡಲಿ?

ಕಾರು ಬಂದ ದಿನವೇ ಸಾಹೇಬರು ಅದರ ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ತಮ್ಮ ಷಡ್ಡಕನಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಫೋನು ಮಾಡಿದರು. ಷಡ್ಡಕ ದೂರದ ಊರಿನಲ್ಲಿ ಮರದ ಡಿಪೋ ಇಟ್ಟುಕೊಂಡ ಮನುಷ್ಯ. ಅವನ ಬಳಿ ಇರುವುದು ಹೊಗೆ ಉಗುಳುವ ಹಳೇ ಡೀಸೆಲ್ ಜೀಪು. ಸಾಹೇಬರು ಫೋನಿನ ಸ್ಪೀಕರ್ ಹಾಕಿದ್ದರಿಂದ ಸಂಭಾಷಣೆ ನಮಗೆಲ್ಲ ಕೇಳಿಸಿತು. ಕೇಳಿಸಲೆಂದೇ ಹಾಕಿದ್ದರು. ಹೊಗೆಯಿಲ್ಲ, ಸದ್ದಿಲ್ಲ, ಎಣ್ಣೆಯಿಲ್ಲ ಎಂದು ಕಾರಿನಲ್ಲಿ ಇಲ್ಲದ್ದನ್ನೆಲ್ಲ ಹೊಗಳಿ ಮುಗಿಸುವವರೆಗೂ ಷಡ್ಡಕ ಹೂಂ ಹೂಂ ಅನ್ನುತ್ತಿದ್ದ. ಆಮೇಲೆ ಹೇಳಿದ:

"ಒಳ್ಳೇದಾಯ್ತಪ್ಪ. ನಮ್ಮೂರಿಗೆ ಹೊರಡೋ ಮುಂಚೆ ಒಂದು ಫೋನ್ ಮಾಡು. ಹಗ್ಗ ತಗೊಂಡು ಅರ್ಧ ದಾರೀಲಿ ನಿಂತಿರ್ತೀನಿ, ಎಳ್ಕೊಂಡು ಬರೋಕೆ."

ಬಾಲ್ಕನಿಗಳಲ್ಲಿ ಯಾರೋ ನಕ್ಕರು. ಸಾಹೇಬರ ಮುಖ ಹುಳಿ ಹಿಂಡಿದ ಹಾಲಿನಂತಾಯಿತು. ಅವರು ಫೋನನ್ನು ಬಾಯಿಯ ಹತ್ತಿರ ತಂದು, ನಮ್ಮ ಗೇಟಿನಿಂದ ನಿಮ್ಮ ಗೇಟಿಗೆ ಬರುತ್ತೇನೆ, ನಡುವೆ ಎಲ್ಲೂ ಚಾರ್ಜಿಗೆ ನಿಲ್ಲಿಸುವುದಿಲ್ಲ, ನಿಲ್ಲಿಸಿದರೆ ನನ್ನ ಹೆಸರು ಬದಲಾಯಿಸಿ ಕರೆಯಿರಿ ಎಂದು ಸವಾಲು ಹಾಕಿದರು. ಅವರ ಹೆಸರನ್ನು ನಾವು ಯಾವಾಗಲೋ ಬದಲಾಯಿಸಿದ್ದೆವು.

ಷಡ್ಡಕನ ಊರಿಗೆ ನಾನೂರು ಕಿಲೋಮೀಟರು. ಪೂರ್ತಿ ಚಾರ್ಜು ಮಾಡಿದರೆ ಕಾರಿನ ಪರದೆಯ ಮೇಲೆ 'ಇನ್ನು ನಾನೂರ ಮೂವತ್ತು ಕಿಲೋಮೀಟರು ಹೋಗಬಹುದು' ಎಂದು ಅಂಕಿ ತೋರಿಸುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮಾರನೇ ಬೆಳಿಗ್ಗೆ ಹೊರಟು ಸಂಜೆಗೆ ತಲುಪಿಬಿಡುತ್ತಿದ್ದರು.

ಈ ಸವಾಲಿನಲ್ಲಿ ಸಿಕ್ಕಿಕೊಂಡು ಒದ್ದಾಡಿದ್ದು ಸಾಹೇಬರ ಹೆಂಡತಿ. ಆಕೆಯ ಅಕ್ಕನ ಮಗಳಿಗೆ ಗಂಡುಮಗು ಹುಟ್ಟಿತ್ತು. ಸ್ವಂತ ಮಕ್ಕಳಿಲ್ಲದ ಆಕೆ ಆ ಮಗಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ಈಗ ಅವಳ ಮಗುವನ್ನು ಎತ್ತಿಕೊಳ್ಳಬೇಕೆಂಬ ಒಂದೇ ಆಸೆ. ಮಗು ಹುಟ್ಟಿದಾಗಲೇ ಬಸ್ಸಿಗೆ ಹೊರಟಿದ್ದರು. ಕಾರು ಬುಕ್ ಮಾಡಿದ್ದೇನೆ, ಬಸ್ಸಿನಲ್ಲಿ ಹೋದರೆ ಷಡ್ಡಕ ಏನಂದಾನು ಎಂದು ಸಾಹೇಬರು ತಡೆದರು. ಆಕೆ ಒಂದು ಸ್ವೆಟರ್ ಹೆಣೆದರು. ಕಾರು ಬರುವ ಹೊತ್ತಿಗೆ ಮಗು ಮಗುಚಿಕೊಂಡಿತೆಂದು ಸುದ್ದಿ ಬಂತು. ಆಕೆ ಸ್ವೆಟರ್ ಬಿಚ್ಚಿ ಸ್ವಲ್ಪ ದೊಡ್ಡದಾಗಿ ಹೆಣೆದರು. ಕಾರಿನ ನಂಬರ್ ಪ್ಲೇಟ್ ಬರುವ ಹೊತ್ತಿಗೆ ಮಗು ಕೂತಿತು. ಆಕೆ ಮತ್ತೆ ಬಿಚ್ಚಿದರು.

ಸಾಹೇಬರಾದರೋ ಕಾರಿನ ಜೊತೆ ಬಂದ ಪುಸ್ತಕ ಓದುತ್ತಿದ್ದರು. ಅದರಲ್ಲೊಂದು ಸಾಲು ಅವರ ಕಣ್ಣಿಗೆ ಬಿತ್ತು: ಕಾರಿನಲ್ಲಿ ತೂಕ ಹೆಚ್ಚಿದರೆ ಹೋಗುವ ದೂರ ಕಡಿಮೆಯಾಗುತ್ತದೆ. ಅದೇ ಪುಟದಲ್ಲಿ ಇನ್ನೂ ಹತ್ತು ಸಾಲುಗಳಿದ್ದವು. ಅವು ತೂಕದ ವಿಚಾರವಲ್ಲವಾದ್ದರಿಂದ ಸಾಹೇಬರು ಪುಟ ತಿರುಗಿಸಿದರು.

ಮಾರನೇ ದಿನ ಅವರು ರಜೆ ಹಾಕಿದರು. ಗುಜರಿ ಅಂಗಡಿಯವನು ತನ್ನ ತೂಕದ ಯಂತ್ರವನ್ನು ತಳ್ಳುಗಾಡಿಯಲ್ಲಿ ತಂದು ನಮ್ಮ ಕಿಟಕಿಯೆದುರು ಇಳಿಸಿದ. ಮನೆಯಲ್ಲಿರುವ ಸಣ್ಣ ಯಂತ್ರಕ್ಕೆ ಸರ್ಕಾರಿ ಮುದ್ರೆಯಿಲ್ಲ, ಇದಕ್ಕೆ ನಾನೇ ಒತ್ತಿದ ಮುದ್ರೆಯಿದೆ ಎಂದು ಸಾಹೇಬರು ನನಗೆ ವಿವರಿಸಿದರು. ಹಾಗಾದರೆ ಇನ್ನು ಮಾತೇ ಇಲ್ಲ ಅಂದೆ.

ಆಮೇಲೆ ಎರಡನೇ ಮಹಡಿಯಿಂದ ಸಾಮಾನು ಇಳಿಯತೊಡಗಿತು. ಅಕ್ಕನಿಗೆಂದು ಕೊಂಡ ಹೊಸ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಸ್ಟೀಲ್ ಡಬ್ಬಗಳು, ಕಂಬಳಿ, ಮಗುವಿನ ಆಟಿಕೆ, ಸೂಟ್‌ಕೇಸು. ಸಾಹೇಬರು ಒಂದೊಂದನ್ನೇ ಯಂತ್ರದ ಮೇಲಿಟ್ಟು, ಮಂಡಿಯೂರಿ, ಒಂದು ಕಣ್ಣು ಮುಚ್ಚಿ ತೂಕ ಓದುತ್ತಿದ್ದರು. ಗುಜರಿಯವನು ಯಂತ್ರ ತನ್ನದಾದ್ದರಿಂದ ಬಿಟ್ಟುಹೋಗಲಾರದೆ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಕಂಬಳಿ ಕೊಡವಿದಾಗ ಎದ್ದ ಧೂಳಿಗೆ ಸಾಹೇಬರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸರಿಯಾಗಿ ಆ ಹೊತ್ತಿಗೇ ಟ್ಯೂಷನ್ ಟೀಚರು ಗೇಟಿನೊಳಗೆ ಬಂದರು. ರಸ್ತೆಯಾಚೆ ಕಿರಾಣಿ ಅಂಗಡಿಯವನು ಗಿರಾಕಿಗೆ ಸಕ್ಕರೆ ಕಟ್ಟುತ್ತಿದ್ದವನು ಪೊಟ್ಟಣ ಕೈಯಲ್ಲೇ ಹಿಡಿದು ನಿಂತುಬಿಟ್ಟ. ಹಿಂದೊಮ್ಮೆ ಸಾಹೇಬರು ಇವನ ತಕ್ಕಡಿಯನ್ನೂ ಎತ್ತಿಕೊಂಡು ಹೋಗಿದ್ದರು.

ಅವರಿಬ್ಬರು ಕಂಡದ್ದು ಇಷ್ಟು: ಗುಜರಿಯವನು ಬಂದಿದ್ದಾನೆ, ಸಾಹೇಬರು ಮನೆಯ ಪಾತ್ರೆಪಡಗ ತೂಗಿ ಕೊಡುತ್ತಿದ್ದಾರೆ, ಹೆಂಡತಿ ಅಳುತ್ತಿದ್ದಾರೆ. ಕೊನೆಗೆ ಸಾಹೇಬರು ಹೆಂಡತಿಯನ್ನೇ ಯಂತ್ರದ ಮೇಲೆ ನಿಲ್ಲಿಸಿದರು. ಗುಜರಿಯವನು ಮರ್ಯಾದಸ್ಥ, ಮುಖ ಆಚೆ ತಿರುಗಿಸಿದ. ಟೀಚರು ಮಾತ್ರ ಅಯ್ಯೋ ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಮೆಟ್ಟಿಲು ಹತ್ತಿದರು. ಲಿಫ್ಟ್ ಸರಿಯಿದ್ದರೂ ಹತ್ತಿದರು.

ತೂಕದಲ್ಲಿ ಫೇಲಾದ ಸಾಮಾನನ್ನು ಮತ್ತೆ ಎರಡು ಮಹಡಿ ಹತ್ತಿಸುವುದೇಕೆಂದು ಸಾಹೇಬರು ನಮ್ಮ ಜಗಲಿಯಲ್ಲಿ ಪೇರಿಸಿದರು. ಕುಕ್ಕರ್ ಫೇಲು, ಕಂಬಳಿ ಫೇಲು, ಆಟಿಕೆ ಫೇಲು. ಮನೆಯ ಬೀಗದ ಕೈಗೊಂಚಲು ಬಂದಾಗ ಸ್ವಲ್ಪ ವಾದವಾಯಿತು. ಅದು ಹಿತ್ತಾಳೆ ಸರಪಳಿಯ ದೊಡ್ಡ ಗೊಂಚಲು, ಮನೆಯ ಕಪಾಟು ಪೆಟ್ಟಿಗೆಗಳ ಕೈಗಳೆಲ್ಲ ಅದರಲ್ಲೇ ಇದ್ದವು. ಬೀಗ ಹಾಕದೆ ಹೋಗುವುದು ಹೇಗೆ ಎಂದು ಹೆಂಡತಿ ಕೇಳಿದರು. ಸಾಹೇಬರು ಯೋಚಿಸಿ, ಗೊಂಚಲು ಹೆಂಡತಿಯ ಕೈಚೀಲದ ತೂಕಕ್ಕೆ ಸೇರತಕ್ಕದ್ದು, ಅದರಷ್ಟೇ ತೂಕದ ಬೇರೆ ಏನನ್ನಾದರೂ ಆಕೆ ಚೀಲದಿಂದ ತೆಗೆಯತಕ್ಕದ್ದು ಎಂದು ತೀರ್ಪು ಕೊಟ್ಟರು. ಕಾರಿನಲ್ಲಿಟ್ಟಿದ್ದ, ಮನೆಬೀಗದ ಇನ್ನೊಂದು ಕೈಯನ್ನು, ಒಂದು ಮನೆಗೆ ಎರಡು ಕೈ ಯಾಕೆಂದು, ಮೇಲೆ ಹೋಗಿ ಫ್ರಿಜ್ಜಿನ ಮೇಲಿಟ್ಟು ಬಂದರು. ಆಕೆ ಚೀಲದಿಂದ ತನ್ನ ಬಾಚಣಿಗೆ, ಔಷಧಿ, ಕನ್ನಡಕದ ಡಬ್ಬಿ ತೆಗೆದಿಟ್ಟರು. ಸ್ವೆಟರ್ ಮಾತ್ರ ತೆಗೆಯಲಿಲ್ಲ.

ಆಗ ಹೊರಟಿದ್ದರೂ ಆಗುತ್ತಿತ್ತು. ಆದರೆ ಸಾಹೇಬರು ತಾಲೀಮು ಆಗಬೇಕೆಂದರು. ಇಷ್ಟು ದೂರ ಕಾರಿನೊಳಗೆ ಕೂರುವುದಕ್ಕೆ ಮೈಗೆ ಅಭ್ಯಾಸ ಬೇಡವೇ?

ತಾಲೀಮು ನಡೆಯುತ್ತಿದ್ದದ್ದು ಹೀಗೆ. ಮಧ್ಯಾಹ್ನದ ಚಹಾ ಮುಗಿಸಿ ಗಂಡ ಹೆಂಡತಿ ಮನೆಗೆ ಬೀಗ ಹಾಕಿಕೊಂಡು ಬಂದು ಕಾರಿನಲ್ಲಿ ಕೂತು ಬೆಲ್ಟ್ ಬಿಗಿಯುವರು. ಕಾರು ಗೇಟಿನವರೆಗೆ ಹೋಗುವುದು, ವಾಚ್‌ಮನ್ ಸಲಾಮು ಹೊಡೆಯುವನು, ಕಾರು ಹಿಮ್ಮುಖವಾಗಿ ತನ್ನ ಜಾಗಕ್ಕೆ ಬರುವುದು. ಪ್ರಯಾಣಕ್ಕೆ ಮುಂಚೆ ಕಾರು ದಣಿಯಬಾರದೆಂದು ಅದಕ್ಕಿಂತ ಆಚೆ ಓಡಿಸುತ್ತಿರಲಿಲ್ಲ. ಆಮೇಲೆ ಕಿಟಕಿಗಳನ್ನೆಲ್ಲ ಏರಿಸಿ, ಏಸಿ ಹಾಕಿ, ಹಾಡು ಹಾಕಿ, ಇಬ್ಬರೂ ಗೋಡೆ ನೋಡುತ್ತ ಕೂರುವರು. ಕೆಳಗಿಳಿಯುವಂತಿಲ್ಲ. ರಾತ್ರಿ ಊಟವೂ ಡಬ್ಬಿಯಲ್ಲಿ ಅಲ್ಲೇ. ಊಟವಾದ ಮೇಲೆ ಸೀಟು ಮಲಗಿಸಿ ಒಂದು ಜೊಂಪು ನಿದ್ದೆಯೂ ಅಲ್ಲೇ.

ಮೊದಲ ತಾಲೀಮಿನ ಮಾರನೇ ಬೆಳಿಗ್ಗೆ ಪೂರ್ತಿ ಚಾರ್ಜಾದ ಕಾರು ನಾನೂರ ಹದಿನೈದು ತೋರಿಸಿತು. ಎಲ್ಲೋ ತೂಕ ಉಳಿದಿದೆ ಎಂದು ಸಾಹೇಬರು ಕಾಲೊರಸುಗಳನ್ನು ತೆಗೆದರು. ಆ ಸಂಜೆಯೂ ತಾಲೀಮು. ಮಾರನೇ ಬೆಳಿಗ್ಗೆ ನಾನೂರು. ಜಾಕು, ಸ್ಪ್ಯಾನರುಗಳು ಹೊರಗೆ ಬಂದವು. ಮತ್ತೆ ತಾಲೀಮು, ಮತ್ತೆ ಇಳಿಕೆ. ಹೆಂಡತಿಯ ಎರಡನೇ ಜೊತೆ ಚಪ್ಪಲಿ ಬಂತು. ನೀರಿನ ಬಾಟಲಿ ಅರ್ಧವಾಯಿತು. ಸಾಹೇಬರು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಗರಗಸದಲ್ಲಿ ಕೊಯ್ದರು, ತಲೆಗೂದಲನ್ನು ನುಣ್ಣಗೆ ತೆಗೆಸಿದರು, ಒಂದು ಹೊತ್ತು ಊಟ ಬಿಟ್ಟರು. ಅಂಕಿ ಮುನ್ನೂರ ಎಪ್ಪತ್ತಕ್ಕೆ ಬಂತು. ನಮ್ಮ ಜಗಲಿ ತುಂಬಿತು. ಅಷ್ಟರಲ್ಲಿ ಮಗು ಅಂಬೆಗಾಲಿಡುತ್ತಿದೆಯೆಂದು ಫೋನು ಬಂದಿತ್ತು. ಆಕೆ ಕಾರಿನಲ್ಲೇ ಕೂತು ಸ್ವೆಟರ್ ಬಿಚ್ಚುತ್ತಿದ್ದದ್ದು ನನ್ನ ಕಿಟಕಿಗೆ ಕಾಣುತ್ತಿತ್ತು.

ಒಂದು ಸಂಜೆ ಆಕೆ ಮೆಲ್ಲಗೆ ಹೇಳಿದರು: "ರೀ, ಇದು ತೂಕದ್ದಲ್ಲ ಅನ್ಸುತ್ತೆ. ನಾವು ಎಲ್ಲಿಗೂ ಹೋಗ್ದೆ ಕೂತಲ್ಲೇ ಏಸಿ ಉರಿಸ್ತೀವಲ್ಲ, ಕಾರು ಅದನ್ನೇ ಲೆಕ್ಕ ಹಾಕ್ತಿದೆ. ಇಷ್ಟು ಕರೆಂಟಿಗೆ ಇಷ್ಟೇ ದೂರ ಹೋಗೋರು ಇವರು ಅಂತ."

"ನಾನು ಇಷ್ಟು ವರ್ಷ ತೂಕ ನೋಡಿದವನು," ಎಂದರು ಸಾಹೇಬರು. "ನಿನ್ನ ಬಳೆ ತೆಗೆದಿಡು, ನೋಡೋಣ."

ಇತ್ತ ಸುದ್ದಿಗೆ ಕಾಲು ಬಂದಿತ್ತು. ಕಿರಾಣಿ ಅಂಗಡಿಯವನು ಸಕ್ಕರೆಯ ಜೊತೆಗೆ ಅದನ್ನೂ ಕಟ್ಟಿ ಕೊಡುತ್ತಿದ್ದ. ಸಾಹೇಬರು ಸಾಮಾನೆಲ್ಲ ಗುಜರಿಗೆ ಹಾಕಿದರಂತೆ, ಆಮೇಲೆ ಮನೆಯೂ ಹೋಯಿತಂತೆ, ಈಗ ಗಂಡ ಹೆಂಡತಿ ಕಾರಿನಲ್ಲೇ ಸಂಸಾರ ಮಾಡುತ್ತಿದ್ದಾರಂತೆ. ಮನೆ ಹೋಗಿಲ್ಲ, ಬೀಗ ಹಾಕಿದೆ ಎಂದು ನಾನು ಹೇಳಬಹುದಿತ್ತು. ಬೀಗ ಹಾಕಿರುವುದನ್ನು ನೋಡಿ ಬಂದವರೇ ಮನೆ ಹೋಯಿತೆನ್ನುತ್ತಿದ್ದಾಗ ನಾನ್ಯಾಕೆ ನಡುವೆ ಬಾಯಿ ಹಾಕಲಿ? ಅದೂ ಅಲ್ಲದೆ, ಇಷ್ಟು ಚೆನ್ನಾದ ಸುದ್ದಿ ನಮ್ಮ ಕಟ್ಟಡಕ್ಕೆ ಬಹಳ ಕಾಲದಿಂದ ಬಂದಿರಲಿಲ್ಲ.

ಜನರ ಮನಸ್ಸು ಕರಗಿತು. ಬೇರೆಯವರು ಕೆಳಗೆ ಬಿದ್ದಾಗ ಕರಗುವಷ್ಟು ಸುಲಭವಾಗಿ ಅದು ಇನ್ಯಾವಾಗಲೂ ಕರಗುವುದಿಲ್ಲ. ಟೀಚರು ಹಳೆಯದೆಲ್ಲ ಮರೆತು ಬಿಸಿ ಊಟದ ಡಬ್ಬಿ ತಂದು ಕಾರಿನ ಕಿಟಕಿ ತಟ್ಟಿದರು. ಸಾಹೇಬರು ಕಿಟಕಿ ಎರಡು ಬೆರಳು ಇಳಿಸಿ, ಬೇಡಮ್ಮ, ನಾನೀಗ ಒಂದೇ ಹೊತ್ತು ತಿನ್ನುವುದು ಎಂದರು. ಬೋಳು ತಲೆ, ಬತ್ತಿದ ಕೆನ್ನೆ, ಹೆಂಡತಿಯ ಬರಿಗೈ ಮೂರನ್ನೂ ಒಟ್ಟಿಗೆ ನೋಡಿದ ಟೀಚರು ಡಬ್ಬಿಯನ್ನು ಕಾರಿನ ಮೇಲಿಟ್ಟು ಬಾಯಿಗೆ ಸೆರಗು ಒತ್ತಿಕೊಂಡು ಓಡಿದರು. ಕಾರಿನ ಮೇಲೆ ಡಬ್ಬಿ ಇಟ್ಟದ್ದು ಸಾಹೇಬರಿಗೆ ಒಂಚೂರೂ ಇಷ್ಟವಾಗಲಿಲ್ಲ.

ರಜೆ ಮೇಲೆ ರಜೆ ಬರೆದು ಹಾಕಿದ್ದರಿಂದ ಅವರ ಮೇಲಧಿಕಾರಿಯೂ ವಿಚಾರಿಸಲು ಬಂದರು. ಸಾಹೇಬರು ಅವರನ್ನು ಮನೆಗೆ ಕರೆಯದೆ ಹಿಂದಿನ ಸೀಟಿನ ಬಾಗಿಲು ತೆಗೆದರು. ಅಧಿಕಾರಿ ಗಟ್ಟಿ ಆಳು. ಕೂತು ಒಂದೆರಡು ಸಮಾಧಾನದ ಮಾತಾಡುವಷ್ಟರಲ್ಲೇ ಸಾಹೇಬರು ಪರದೆ ನೋಡಿ, ತಾವು ಕೂತ ಮೇಲೆ ಎರಡು ಕಡಿಮೆಯಾಯಿತು, ದಯವಿಟ್ಟು ಇಳಿಯಿರಿ ಎಂದು ಕೈಮುಗಿದರು. ಅಧಿಕಾರಿ ಇಳಿದು, ನನ್ನ ಕಡೆ ತಿರುಗಿ, ತಲೆಗೆ ಬೆರಳು ತೋರಿಸಿ, ಕೇಳಿದಷ್ಟು ರಜೆ ಮಂಜೂರು ಮಾಡಿ ಹೋದರು.

ಕೊನೆಗೆ ಕಟ್ಟಡದ ಸಂಘದ ಕಾರ್ಯದರ್ಶಿ ಬಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಕಾರು ನಿಲ್ಲಿಸುವ ಜಾಗದಲ್ಲಿ ಸಂಸಾರ ಹೂಡಬಾರದೆಂದು ನೋಟೀಸು ಬರೆದುಕೊಂಡೇ ಬಂದಿದ್ದರು. ಆದರೆ ಸಾಹೇಬರ ಅವತಾರ ನೋಡಿ ನೋಟೀಸು ಜೇಬಿನಲ್ಲೇ ಉಳಿಯಿತು. ಅವರಿಬ್ಬರ ಮಾತು ನನ್ನ ಕಿಟಕಿಯ ಕೆಳಗೇ ನಡೆಯಿತು.

"ಎಷ್ಟು ದಿನ ಹೀಗೆ, ಸಾಹೇಬ್ರೆ?"

"ನಂಬರ್ ಮೇಲಕ್ಕೆ ಬರೋವರೆಗೂ. ದಿನಾ ಇಳೀತಾನೇ ಇದೆ."

ಕಾರ್ಯದರ್ಶಿ ದೀರ್ಘವಾಗಿ ಉಸಿರುಬಿಟ್ಟರು. ಅವರ ಭಾಮೈದನೂ ಷೇರಿನಲ್ಲಿ ಹೀಗೇ ಮುಳುಗಿದ್ದ. "ಎಲ್ಲಾ ಹೋಯ್ತಾ?"

"ಇನ್ನೂ ಮುನ್ನೂರ ನಲವತ್ತಿದೆ. ನಾನೂರ ಮೂವತ್ತಿತ್ತು."

"ಮನೆಯವರಿಗೆ ಗೊತ್ತಾ?"

"ಪಕ್ಕದಲ್ಲೇ ಕೂತಿದಾಳಲ್ಲ. ಅವಳ ಕಣ್ಣೆದುರಿಗೇ ಇಳೀತಿದೆ." ಸಾಹೇಬರು ಕಾರ್ಯದರ್ಶಿಯ ಕೈ ಹಿಡಿದುಕೊಂಡರು. "ಒಂದೇ ಒಂದು ಉಪಕಾರ ಮಾಡಿ. ನನ್ನ ಷಡ್ಡಕನಿಗೆ ಮಾತ್ರ ಇದು ಗೊತ್ತಾಗಬಾರದು."

ಕಾರ್ಯದರ್ಶಿ ಖಂಡಿತ ಗೊತ್ತಾಗುವುದಿಲ್ಲ ಎಂದು ಮಾತು ಕೊಟ್ಟು, ನೆಟ್ಟಗೆ ಆಫೀಸು ಕೋಣೆಗೆ ಹೋಗಿ, ಸಂಘದಲ್ಲಿ ಬರೆಸಿಟ್ಟಿದ್ದ ಷಡ್ಡಕನ ನಂಬರಿಗೆ ಫೋನು ಮಾಡಿದರು.

ಮಾರನೇ ದಿನ ಭಾನುವಾರ. ಬೆಳಗಾಗುತ್ತಲೇ ಮೊದಲು ಗೇಟಿನಲ್ಲಿ ಹೊಗೆ ಕಂಡಿತು, ಆಮೇಲೆ ಜೀಪು ಕಂಡಿತು. ಮೇಲೆ ಎರಡು ಹಾಸಿಗೆ, ಹಿಂದೆ ಅಕ್ಕಿ ಮೂಟೆ, ಗ್ಯಾಸ್ ಒಲೆ, ಬಕೆಟ್ಟು. ಒಳಗಿನಿಂದ ಅಕ್ಕ ಅಳುತ್ತಲೇ ಇಳಿದು ತಂಗಿಯನ್ನು ಅಪ್ಪಿಕೊಂಡರು. ಅವರ ಮಗಳು ಮಗುವನ್ನೆತ್ತಿಕೊಂಡು ಇಳಿದಳು. ಷಡ್ಡಕ ಎಲ್ಲರಿಗಿಂತ ಕೊನೆಗೆ ಇಳಿದ. ಹೆಗಲ ಮೇಲೆ ಹಗ್ಗದ ಸುರುಳಿ. ಕಾರು ಎಳೆಯಬೇಕಾಗಬಹುದೆಂದು ತಂದಿದ್ದ. ಒಳ್ಳೆಯ ಮನುಷ್ಯನೇ, ಆದರೆ ಒಳ್ಳೆಯತನವನ್ನು ನಾಲ್ಕು ಜನರ ಎದುರಿಗೆ ತೋರಿಸುವ ಅವಕಾಶ ಸಿಕ್ಕರೆ ಬಿಡುವವನಲ್ಲ. ಎಲ್ಲ ಬಾಲ್ಕನಿಗಳೂ ತುಂಬಿರುವುದನ್ನು ಒಮ್ಮೆ ನೋಡಿಕೊಂಡು ಸಾಹೇಬರ ಬೆನ್ನು ತಟ್ಟಿದ.

"ಹೋದ್ರೆ ಹೋಯ್ತು ಬಿಡಪ್ಪ. ಮನೆ ಏನು, ಇವತ್ತು ಹೋಗುತ್ತೆ, ನಾಳೆ ಬರುತ್ತೆ. ನಾನಿಲ್ವಾ?"

"ಯಾವ ಮನೆ?" ಎಂದರು ಸಾಹೇಬರು.

ವಿಷಯ ಬಿಡಿಸಲು ಸ್ವಲ್ಪ ಹೊತ್ತು ಹಿಡಿಯಿತು. ತಾಲೀಮು ಎಂಬ ಮಾತು ಹೊರಬಿದ್ದಾಗ ಬಾಲ್ಕನಿಗಳಲ್ಲಿ ಕಣ್ಣೊರೆಸುತ್ತಿದ್ದ ಸೆರಗುಗಳು ಕೆಳಗಿಳಿದವು. ಮನೆ ಕಳೆದುಕೊಂಡಿದ್ದರೆ ಜನ ಸಾಹೇಬರನ್ನು ಕ್ಷಮಿಸುತ್ತಿದ್ದರು. ಕಳೆದುಕೊಳ್ಳದೆ ತಮ್ಮ ಕಣ್ಣೀರು ಖರ್ಚು ಮಾಡಿಸಿದ್ದನ್ನು ಕ್ಷಮಿಸಲಿಲ್ಲ. ಟೀಚರು ಮೇಲಿನಿಂದಲೇ ತಮ್ಮ ಊಟದ ಡಬ್ಬಿ ತೊಳೆದು ಕೊಡಬೇಕೆಂದರು. ಕಾರ್ಯದರ್ಶಿ ಜೇಬಿನಿಂದ ನೋಟೀಸು ತೆಗೆದು ಕಾರಿನ ಗಾಜಿಗೆ ಸಿಕ್ಕಿಸಿದರು. ಕಿರಾಣಿ ಅಂಗಡಿಯವನು ತನಗೆ ಮೊದಲಿನಿಂದಲೇ ಅನುಮಾನವಿತ್ತೆಂದ. ನನಗೂ ಬೇಸರವಾಯಿತು, ಸುಳ್ಳು ಹೇಳಲಾರೆ.

ಈ ಗದ್ದಲದಲ್ಲಿ ಯಾರೋ ಮಗುವನ್ನು ನೆಲಕ್ಕಿಳಿಸಿದ್ದರು. ಅದು ಗುಜರಿಯವನಿಗೆ ಇನ್ನೂ ವಾಪಸು ಕೊಡದ ತೂಕದ ಯಂತ್ರವನ್ನು ಹಿಡಿದು ಎದ್ದು ನಿಂತಿತು. ಕೈ ಬಿಟ್ಟಿತು. ತೂರಾಡುತ್ತ ನಡೆದು ಬಂದು ಸಾಹೇಬರ ಹೆಂಡತಿಯ ಮೊಣಕಾಲು ಹಿಡಿದುಕೊಂಡಿತು. ಅಯ್ಯೋ, ಇದೇ ಮೊದಲು ಕಣೇ, ಮನೆಯಲ್ಲಿ ಇನ್ನೂ ನಡೆದಿರಲಿಲ್ಲ ಎಂದು ಅಕ್ಕ ಅಂದರು. ಸಾಹೇಬರ ಹೆಂಡತಿ ಮಗುವನ್ನು ಎತ್ತಿಕೊಂಡು, ಚೀಲದಿಂದ ಸ್ವೆಟರ್ ತೆಗೆದು ತೊಡಿಸಲು ನೋಡಿದರು. ತೋಳು ಮೊಣಕೈಗೆ ನಿಂತಿತು. ಆಕೆ ಸ್ವೆಟರನ್ನು ಮಡಿಸಿದರು, ಮತ್ತೆ ಬಿಚ್ಚಿದರು, ಮತ್ತೆ ಮಡಿಸಿದರು. ಅಲ್ಲಿಯವರೆಗೆ ನಗುತ್ತಿದ್ದ ನನಗೆ ಆಮೇಲೆ ನಗು ಬರಲಿಲ್ಲ.

"ಭಾವ, ಜೀಪಲ್ಲಿ ಜಾಗ ಇದೆಯಾ?" ಎಂದು ಆಕೆ ಕೇಳಿದರು.

"ಜೀಪಮ್ಮಾ ಅದು," ಎಂದ ಷಡ್ಡಕ. "ಅದರಲ್ಲಿ ಜಾಗ ಇದೆಯಾ ಅಂತ ಕೇಳಬಾರದು."

ಆಕೆ ನೇರ ನಮ್ಮ ಜಗಲಿಗೆ ಬಂದು, ಕುಕ್ಕರು, ಕಂಬಳಿ, ಇಸ್ತ್ರಿ ಪೆಟ್ಟಿಗೆ, ಡಬ್ಬಗಳು, ಆಟಿಕೆ, ಎರಡನೇ ಜೊತೆ ಚಪ್ಪಲಿ ಎಲ್ಲವನ್ನೂ ಜೀಪಿಗೆ ಹಾಕಿಸಿದರು. ಯಾವುದನ್ನೂ ತೂಗಲಿಲ್ಲ. ಬಳೆ ತೊಟ್ಟುಕೊಂಡು, ಮನೆಗೆ ಬೀಗ ಹಾಕಿ ಬಂದರು. ಮಗುವನ್ನೆತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತು, ಗಂಡನಿಗೆ ಖಾಲಿ ಕಾರಿನಲ್ಲಿ ನಿಲ್ಲಿಸದೆ ಬನ್ನಿ ಎಂದಷ್ಟೇ ಹೇಳಿದರು. ಷಡ್ಡಕ ಹಗ್ಗವನ್ನು ಕಾರಿನ ಹಿಂದಿನ ಸೀಟಿಗೆ ಎಸೆದು, ಇದು ನಿನ್ನ ಹತ್ತಿರವೇ ಇರಲಿ ಎಂದ.

ಬಾಲ್ಕನಿಗಳ ಎದುರಿಗೆ ನಿಲ್ಲಲಾರದೆ ಸಾಹೇಬರು ಹೊಗೆಯ ಹಿಂದೆಯೇ ಹೊರಟರು. ರಾತ್ರಿ ಅವರ ಫೋನು ಬಂತು. ದನಿಯಲ್ಲಿ ಹಬ್ಬ. ಎಲ್ಲೂ ನಿಲ್ಲಿಸಲಿಲ್ಲವಂತೆ. ಕಾರು ಓಡುತ್ತ ಓಡುತ್ತ ಅಂಕಿ ಇಳಿಯಬೇಕಾದಷ್ಟು ಇಳಿಯಲೇ ಇಲ್ಲವಂತೆ, ತಲುಪಿದ ಮೇಲೂ ನಲವತ್ತು ಉಳಿದಿತ್ತಂತೆ. "ಹೇಳಿರ್ಲಿಲ್ವಾ ನಾನು? ಅವಳು ಇಳಿದಿದ್ದೇ ತಡ, ನಂಬರ್ ನಿಂತ್ಬಿಡ್ತು."

ಒಂದು ವಾರದ ನಂತರ ಸಾಹೇಬರು ಅಷ್ಟೇ ಗೆಲುವಿನಿಂದ ಒಬ್ಬರೇ ವಾಪಸು ಬಂದರು. ಗೇಟಿನಲ್ಲಿ ಹಾರ್ನ್ ಬಾರಿಸಿ ನನ್ನನ್ನು ಹೊರಗೆ ಕರೆದು ಪರದೆ ತೋರಿಸಿದರು. ಈ ಸಲ ಐವತ್ತು ಉಳಿದಿತ್ತು. ಹೆಂಡತಿ ಯಾಕೆ ಬರಲಿಲ್ಲವೆಂದು ಕೇಳಿದೆ. ತಾವೇ ಕರೆದರಂತೆ; ಆಕೆ, ನಾನು ಕೂತರೆ ನಂಬರ್ ಇಳಿಯುತ್ತದೆ, ನೀವು ಹೋಗಿ ಎಂದರಂತೆ. ಕೊನೆಗೂ ಅವಳಿಗೆ ಅರ್ಥವಾಯಿತು ನೋಡಿ ಎಂದು ಸಾಹೇಬರು ಮೆಚ್ಚಿಕೊಂಡರು. ಮೆಚ್ಚಿಕೊಂಡು ಮೆಟ್ಟಿಲು ಹತ್ತಿದರು. ಸ್ವಲ್ಪ ಹೊತ್ತಿಗೆ ಇಳಿದು ಬಂದರು.

ಬೀಗದ ಕೈಗೊಂಚಲು ಹೆಂಡತಿಯ ಕೈಚೀಲದಲ್ಲಿತ್ತು. ಇನ್ನೊಂದು ಕೈ ಬೀಗ ಹಾಕಿದ ಮನೆಯೊಳಗೆ ಫ್ರಿಜ್ಜಿನ ಮೇಲಿತ್ತು.

ಸಾಹೇಬರು ಫೋನು ಮಾಡಿದರು. ಈ ಸಲ ಸ್ಪೀಕರ್ ಹಾಕಲಿಲ್ಲ, ಆದರೂ ನನಗೆ ಕೇಳಿಸಿತು. ಬೀಗ ಒಡೆಸುತ್ತೇನೆ ಅಂದರು. ಅತ್ತಲಿಂದ ಆಕೆ ಶಾಂತವಾಗಿ ಹೇಳಿದರು: "ಒಡೆಸಿ ನೋಡಿ. ಆಮೇಲೆ ನಾನು ಆ ಮನೆಗೆ ಬರೋದೇ ಇಲ್ಲ. ನಾನೇ ಬಂದು ತೆಗೀತೀನಿ."

"ಯಾವಾಗ ಬರ್ತೀಯಾ?"

"ಮಗು ಓಡೋಕೆ ಕಲಿತ ಮೇಲೆ. ನಿಮಗೆ ಕಾರಲ್ಲಿರೋದು ಅಭ್ಯಾಸ ಇದೆಯಲ್ಲ."

ಹೀಗೆ ಸಾಹೇಬರು ನಿಜಕ್ಕೂ ಕಾರಿನಲ್ಲಿ ವಾಸ ಮಾಡತೊಡಗಿದರು. ನಮ್ಮಲ್ಲೇ ಬಂದು ಮಲಗಿ ಎಂದು ನಾನು ಕರೆದೆ. ಕರೆಯಬೇಕಲ್ಲ ಎಂದು ಕರೆದೆ, ಅವರು ಬೇಡವೆಂದರು, ಅದು ಅವರ ದೊಡ್ಡತನ. ಬೇರೆಯವರು ಅಷ್ಟೂ ಮಾಡಲಿಲ್ಲ. ಟೀಚರು ಬಿಸಿ ಡಬ್ಬಿ ಹಿಡಿದುಕೊಂಡು ಕಾರಿನ ಪಕ್ಕದಲ್ಲೇ ಹಾದು ಲಿಫ್ಟಿಗೆ ಹೋಗುವರು. ಕಾರ್ಯದರ್ಶಿ ಕಿಟಕಿಯಲ್ಲಿ ಬಗ್ಗಿ ನೋಡಿ, ಈ ಸಲದ ತಾಲೀಮು ಯಾವ ಊರಿಗೆ ಎಂದು ಕೇಳುವರು. ಸಾಹೇಬರು ಇದು ತಾಲೀಮಲ್ಲ, ನಿಜವಾಗಿಯೂ ಮನೆಯಿಲ್ಲ ಅಂದಷ್ಟೂ ಅವರು ನಗುವರು. ಕಿರಾಣಿ ಅಂಗಡಿಯವನು ಬ್ರೆಡ್ಡು ಕೊಡುವಾಗ ತೂಗಿ ಕೊಡುತ್ತಾನೆ.

ಮೊನ್ನೆ ಸಂಜೆ ಸಾಹೇಬರು ಕಿಟಕಿ ಇಳಿಸಿ ನನ್ನನ್ನು ಕರೆದರು. ಏಸಿ ಓಡುತ್ತಿತ್ತು, ಹಾಡು ಓಡುತ್ತಿತ್ತು, ಕಾರು ಗೋಡೆ ನೋಡಿಕೊಂಡು ನಿಂತಿತ್ತು. ಗಡ್ಡ ಬೆಳೆದಿತ್ತು.

"ನೋಡಿ ಸ್ವಾಮಿ. ಸಾಮಾನಿಲ್ಲ. ಹೆಂಡ್ತಿ ಇಲ್ಲ. ಆದ್ರೂ ಇಳೀತಿದೆ."

ನಿಮ್ಮ ಮನೆಯವರು ಆವತ್ತೇ ಹೇಳಿದ್ದರಲ್ಲ, ಇದು ತೂಕದ್ದಲ್ಲ ಅಂತ, ಎಂದೆ. ಸಾಹೇಬರು ಹಾಡು ನಿಲ್ಲಿಸಿದರು. ಖಾಲಿಯಾದ ಪಕ್ಕದ ಸೀಟನ್ನು ನೋಡಿದರು. ಅದರ ಬೆಲ್ಟನ್ನು ಒಮ್ಮೆ ಮುಟ್ಟಿದರು. ಕೊನೆಗೂ ಮನುಷ್ಯನಿಗೆ ಬುದ್ಧಿ ಬಂತು, ಈಗ ಫೋನು ತೆಗೆದು ಆಕೆಗೆ ತಪ್ಪಾಯಿತೆಂದು ಹೇಳುತ್ತಾರೆ ಎಂದುಕೊಂಡು ನಾನು ಮರ್ಯಾದೆಗೆ ಎರಡು ಹೆಜ್ಜೆ ಹಿಂದೆ ಸರಿದೆ.

ಸಾಹೇಬರು ಬಾಗಿಲು ತೆಗೆದು ಇಳಿದರು, ಹಿಂದಿನ ಸೀಟಿಗೆ ಬಗ್ಗಿದರು, ಷಡ್ಡಕನ ಹಗ್ಗವನ್ನು ಎತ್ತಿ ತಂದು ನನ್ನ ಕೈಗಿಟ್ಟರು.

"ಇದೊಂದು ಉಳಿದಿತ್ತು," ಎಂದರು.

ಆ ಹಗ್ಗವನ್ನು ನಾನು ನಮ್ಮ ಕಿಟಕಿಯಿಂದ ಕಂಬಕ್ಕೆ ಕಟ್ಟಿದ್ದೇನೆ. ಗಟ್ಟಿ ಹಗ್ಗ. ನಮ್ಮ ಮನೆಯ ಬಟ್ಟೆಯ ಜೊತೆಗೆ ಸಾಹೇಬರ ಎರಡು ಅಂಗಿಯೂ ಈಗ ಅದರ ಮೇಲೆಯೇ ಒಣಗುತ್ತವೆ.